ಸಂಜೆ ಏಳರ ಮೂವತ್ತು ಡಿಗ್ರಿ

ರಮಾಮಣಿಯ ಮನೆಗೆ ಥರ್ಮಾಮೀಟರ್ ಬಂದದ್ದು ಯಾರಿಗೂ ಜ್ವರವಿಲ್ಲದ ಹೊತ್ತಿನಲ್ಲಿ. ಗಂಡ ಹಯಗ್ರೀವ ಕಾರ್ಖಾನೆಯಿಂದ ಬಂದವನೇ ಊಟದ ಡಬ್ಬಿಯ ಚೀಲದಿಂದ ಅದನ್ನು ಹೊರಗೆ ತೆಗೆದ. ಗೇಣುದ್ದದ ಬಿಳಿ ಪಟ್ಟಿ, ನಡುವೆ ಗಾಜಿನ ಕಡ್ಡಿ, ಅದರೊಳಗೆ ಕೆಂಪು ಗೆರೆ. ಬಾಯಿಗಿಡುವಂಥದ್ದಲ್ಲ, ಗೋಡೆಗೆ ನೇತುಹಾಕುವಂಥದ್ದು.

"ಒಂದು ಮೊಳೆ ಕೊಡು ರಮಾ. ಇದನ್ನ ಹಾಲ್‌ನಲ್ಲಿ ಹಾಕ್ಬೇಕು."

"ಯಾಕೋ, ಗೋಡೆಗೆ ಮೈ ಬಿಸಿ ಆಗಿದ್ಯಾ?" ಎಂದು ಅವನ ತಾಯಿ ಸುಭದ್ರಮ್ಮ ದಿವಾನದ ಮೇಲಿಂದಲೇ ಕೇಳಿದರು.

"ಹೋಂವರ್ಕ್ ಅಮ್ಮ. ಹೊಸ ಕಂಪನಿಯೋರು ಕೊಟ್ಟಿದಾರೆ."

ನಲವತ್ತೊಂಬತ್ತು ವರ್ಷದ ಗಂಡಸಿಗೆ ಹೋಂವರ್ಕು! ಮಗಳು ಚಿನ್ಮಯಿ, ಬಿ.ಕಾಂ. ಕೊನೇ ವರ್ಷದ ಪರೀಕ್ಷೆಗೆ ಓದುತ್ತಿದ್ದವಳು, ಪುಸ್ತಕ ಮುಚ್ಚಿ ನಗುತ್ತಾ ಎದ್ದು ಬಂದಳು. ರಮಾಮಣಿಗೆ ಮಾತ್ರ ನಗು ಬರಲಿಲ್ಲ. ಮೂರು ತಿಂಗಳಿಂದ ಆ ಮನೆಯಲ್ಲಿ 'ಹೊಸ ಕಂಪನಿ' ಎಂಬ ಮಾತು ಬಂದಾಗಲೆಲ್ಲ ಅವಳು ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಕಿವಿಗೊಡುತ್ತಿದ್ದಳು.

ಅದು ಎರಡು ಸಾವಿರದ ಒಂದನೇ ಇಸವಿಯ ಏಪ್ರಿಲ್. ಹಯಗ್ರೀವ ಕೆ.ಆರ್. ಪುರದ ಆಚೆಗಿದ್ದ ಒಂದು ಔಷಧಿ ಕಾರ್ಖಾನೆಯಲ್ಲಿ ಮಾತ್ರೆ ವಿಭಾಗದ ಸೂಪರ್‌ವೈಸರ್. ಇಪ್ಪತ್ತೆರಡು ವರ್ಷದ ಸರ್ವೀಸು. ಸಂಕ್ರಾಂತಿ ಕಳೆದ ವಾರ ಆ ಕಾರ್ಖಾನೆಯನ್ನು ಮುಂಬಯಿಯ ದೊಡ್ಡ ಕಂಪನಿಯೊಂದು ಕೊಂಡುಕೊಂಡಿತು. ಗೇಟಿನ ಬೋರ್ಡು ಬದಲಾಯಿತು, ಬಸ್ಸಿನ ಬಣ್ಣ ಬದಲಾಯಿತು, ಕ್ಯಾಂಟೀನಿನ ವಡೆ ಚಿಕ್ಕದಾಯಿತು. ಕೆಲಸ ಯಾರದ್ದೂ ಹೋಗುವುದಿಲ್ಲ, ಆದರೆ ಎಲ್ಲರಿಗೂ ಹೊಸ ಪದ್ಧತಿಯ ತರಬೇತಿ ಇರುತ್ತದೆ ಎಂದರು. ತರಬೇತಿಯ ಕೊನೆಗೊಂದು ಪರೀಕ್ಷೆ ಎಂದು ಆಮೇಲೆ ಹೇಳಿದರು. ಅದರಲ್ಲಿ ಸೋತವರಿಗೆ ವಿ.ಆರ್.ಎಸ್. ಎಂಬ ಸ್ವಯಂನಿವೃತ್ತಿಯ ಕಾಗದ ಕೊಡುತ್ತಾರೆ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಎಲ್ಲರಿಗೂ ಗೊತ್ತಾಯಿತು. ಪಕ್ಕದ ಟೆಲಿಫೋನ್ ಫ್ಯಾಕ್ಟರಿ ಕಾಲೊನಿಯಲ್ಲಿ ಅಂಥ ಕಾಗದ ತೆಗೆದುಕೊಂಡು ಬೆಳಗಿನಿಂದ ಸಂಜೆಯವರೆಗೆ ಗೇಟು ಹಿಡಿದು ನಿಂತಿರುವ ಗಂಡಸರನ್ನು ರಮಾಮಣಿ ತರಕಾರಿಗೆ ಹೋಗುವಾಗ ದಿನವೂ ನೋಡುತ್ತಿದ್ದಳು. ಅವರ ನಡುವೆ ತನ್ನ ಗಂಡನನ್ನು ನಿಲ್ಲಿಸಿ ನೋಡಲು ಅವಳಿಗೆ ಧೈರ್ಯ ಸಾಲುತ್ತಿರಲಿಲ್ಲ.

ಮೊಳೆ ಹೊಡೆದ ಮೇಲೆ ಹಯಗ್ರೀವ ಒಂದು ಉದ್ದನೆಯ ಹಾಳೆ ತೆಗೆದು ಮೇಜಿನ ಮೇಲೆ ಹರಡಿದ. ತಾರೀಖು, ಹೊತ್ತು, ಡಿಗ್ರಿ, ಸಹಿ ಎಂದು ನಾಲ್ಕು ಮನೆಗಳು. ಎರಡು ವಾರ, ಬೆಳಗ್ಗೆ ಏಳಕ್ಕೊಂದು ಸಲ, ಸಂಜೆ ಏಳಕ್ಕೊಂದು ಸಲ ಕೆಂಪು ಗೆರೆ ಎಲ್ಲಿದೆ ನೋಡಿ ಬರೆಯಬೇಕು.

"ಇಷ್ಟೇನಾ?" ಎಂದಳು ರಮಾಮಣಿ.

"ಇಷ್ಟೇ ಅಲ್ಲ. ನೋಡಿದ ತಕ್ಷಣ ಬರೀಬೇಕು. ಆಮೇಲೆ ಬರಿಯೋ ಹಾಗಿಲ್ಲ. ತಪ್ಪಾದ್ರೆ ಅಳಿಸೋ ಹಾಗಿಲ್ಲ, ವೈಟ್ನರ್ ಹಚ್ಚೋ ಹಾಗಿಲ್ಲ. ಒಂದೇ ಗೆರೆ ಎಳೀಬೇಕು, ಕೆಳಗಿರೋ ತಪ್ಪು ಕಾಣ್ತಿರ್ಬೇಕು. ಪಕ್ಕದಲ್ಲಿ ಸರಿಯಾದ್ದು ಬರ್ದು ಸಹಿ ಹಾಕ್ಬೇಕು."

"ತಪ್ಪು ಕಾಣ್ಬೇಕಾ?"

"ಕಾಣ್ಲೇಬೇಕಂತೆ."

"ನೀವು ಕಾರ್ಖಾನೆಗೆ ಹೋಗಿದ್ದಾಗ?"

"ಮನೇಲಿರೋರು ನೋಡಿ ಬರೀಬಹುದು. ಯಾರು ನೋಡಿದ್ರೋ ಅವರದ್ದೇ ಸಹಿ. ಯಾರೂ ನೋಡ್ದೇ ಇದ್ರೆ 'ನೋಡಿಲ್ಲ' ಅಂತ ಬರೀಬೇಕು. ಈಗ ಎಲ್ಲರೂ ಮೇಲ್ಗಡೆ ಒಂದೊಂದು ಮಾದರಿ ಸಹಿ ಹಾಕಿ."

ಚಿನ್ಮಯಿ ಬಾಲ ಎಳೆದು ಸಹಿ ಮಾಡಿದಳು. ಸುಭದ್ರಮ್ಮ ಕನ್ನಡಕ ತರಿಸಿಕೊಂಡು ಒಂದೊಂದಕ್ಷರವನ್ನೂ ತೀಡಿ 'ಸುಭದ್ರಾ' ಎಂದು ಬರೆದು, "ಆ ಕೆಂಪು ಗೆರೆ ನನ್ನ ಕಣ್ಣಿಗೆ ಕಾಣ್ಸಲ್ಲ, ಆದ್ರೂ ಇರ್ಲಿ," ಅಂದರು. ರಮಾಮಣಿ ಕೊನೆಯ ಸಲ ಸಹಿ ಮಾಡಿದ್ದು ಗ್ಯಾಸ್ ಕನೆಕ್ಷನ್ ತೆಗೆದುಕೊಂಡಾಗ. ಕೈ ಒರೆಸಿಕೊಂಡು 'ರ. ಹ.' ಎಂದು ಬರೆದಳು. ಅದನ್ನು ಎರಡು ಸಲ ತಿರುಗಿಸಿ ನೋಡಿದಳು. ಗಂಡನ ಕಾರ್ಖಾನೆಯ ಕಾಗದದಲ್ಲಿ ತನ್ನ ಹೆಸರೂ ಇದೆ ಎಂಬುದು ಅವಳಿಗೆ ಒಳಗೊಳಗೇ ಹಿತವಾಯಿತು.

ಮೊದಲ ವಾರ ಹಯಗ್ರೀವನಿಗೆ ಬೆಳಗಿನ ಶಿಫ್ಟು. ಐದೂಕಾಲಿಗೆ ಹೊರಟುಬಿಡುತ್ತಿದ್ದ. ಏಳು ಹೊಡೆಯುವಾಗ ರಮಾಮಣಿ ಒಲೆ ಸಣ್ಣಗೆ ಮಾಡಿ ಹಾಲ್‌ಗೆ ಬಂದು, ಕೆಂಪು ಗೆರೆಯ ತಲೆ ನೋಡಿ, ಇಪ್ಪತ್ತಾರು ಎಂದೋ ಇಪ್ಪತ್ತೈದು ಎಂದೋ ಬರೆಯುತ್ತಿದ್ದಳು. ಒಂದು ದಿನ ಅತ್ತೆಗೆ ಕಾಫಿ ಕೊಡುವುದು ತಡವಾಯಿತು.

"ನಿಂಗೀಗ ಆಫೀಸು ಬೇರೆ ಬಂತು, ಕಾಫಿ ಯಾರು ಕೇಳ್ತಾರೆ," ಎಂದರು ಸುಭದ್ರಮ್ಮ.

"ನಿಮ್ಮ ಮಗನ ಆಫೀಸು ಉಳೀಲಿ ಅಂತ ತಾನೆ ಅತ್ತೆ."

ಸಂಜೆ ಏಳಕ್ಕೆ ಹಯಗ್ರೀವ ತಾನೇ ಬರೆಯುತ್ತಿದ್ದ. ಎಲ್ಲ ಸಂಜೆಯೂ ಮೂವತ್ತೇ. ಬಿಸಿಲು ಅಷ್ಟು ಬಿದ್ದಿತ್ತು. ಶಿಫ್ಟು ಮುಗಿದ ಮೇಲೆ ಎರಡು ಗಂಟೆ ಪಾಠ ಕೇಳಿ ಬಂದವನ ಮುಖ ಮಾತ್ರ ದಿನದಿನಕ್ಕೂ ಸಣ್ಣಗಾಗುತ್ತಿತ್ತು. ಅವನಿಗೆ ಇಷ್ಟವೆಂದು ಮಾವಿನಕಾಯಿ ಚಿತ್ರಾನ್ನ ಮಾಡಿದ ದಿನವೂ ಅರ್ಧ ತಿಂದು ತಟ್ಟೆ ಸರಿಸಿದ.

"ಏನಾಯ್ತು? ಉಪ್ಪು ಕಡಿಮೆಯಾ?"

"ಇವತ್ತು ಕ್ಲಾಸಲ್ಲಿ ನನ್ನ ರಿಜಿಸ್ಟರ್ ಎತ್ತಿ ಹಿಡಿದ್ರು. ಸುದರ್ಶನ್ ಅಂತ ಟ್ರೈನರು, ಇನ್ನೂ ಇಪ್ಪತ್ತೆಂಟು ಆಗಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ನನ್ನ ರಿಜಿಸ್ಟರಿನಲ್ಲಿ ಒಂದು ಚಿತ್ತು ಇಲ್ಲ, ನಿಂಗೊತ್ತಲ್ಲ? ಹಳೇ ಮ್ಯಾನೇಜರು ಬಂದೋರಿಗೆಲ್ಲ ಅದನ್ನೇ ತೋರಿಸ್ತಿದ್ರು."

"ಇವರೂ ಹೊಗಳಿದ್ರಾ?"

"'ಇಷ್ಟು ಕ್ಲೀನಾಗಿರೋ ರಿಜಿಸ್ಟರ್ ನೋಡಿದ್ರೆ ನನಗೆ ಭಯ ಆಗುತ್ತೆ ಸರ್' ಅಂದ. ಎಲ್ಲ ನಕ್ಕರು."

ರಮಾಮಣಿಗೆ ಇದು ತಲೆಬುಡ ಅರ್ಥವಾಗಲಿಲ್ಲ. ಚೆನ್ನಾಗಿ ಬರೆದರೆ ಭಯವೇಕೆ?

"ಅಪ್ಪ, ಮನುಷ್ಯ ಅಂದ್ಮೇಲೆ ತಪ್ಪು ಆಗೇ ಆಗುತ್ತೆ. ಇಪ್ಪತ್ತೆರಡು ವರ್ಷ ಒಂದೂ ತಪ್ಪಿಲ್ಲ ಅಂದ್ರೆ ಆಮೇಲೆ ಕೂತು ಬರ್ದಿದಾರೆ ಅಂತ ಅವರಿಗೆ ಡೌಟು," ಎಂದಳು ಚಿನ್ಮಯಿ.

"ನಿಂಗೆ ಗೊತ್ತಾ ಅಲ್ಲಿ ಹೇಗೆ ಕೆಲಸ ನಡೆಯುತ್ತೆ ಅಂತ?" ಹಯಗ್ರೀವನ ದನಿ ಏರಿತು. "ಸುಮ್ನೆ ಓದ್ಕೋ ಹೋಗು."

ಅವನು ಮಗಳಿಗೆ ದನಿ ಏರಿಸುವವನೇ ಅಲ್ಲ. ಚಿನ್ಮಯಿ ಕಣ್ಣರಳಿಸಿ ತಾಯಿಯ ಮುಖ ನೋಡಿದಳು.

ಭಾನುವಾರ ಇನಾಯತ್ ಉಲ್ಲಾ ಬಂದ. ಮಾತ್ರೆ ಒತ್ತುವ ಯಂತ್ರದ ಆಪರೇಟರು, ಹಯಗ್ರೀವನ ಜೊತೆ ಇಪ್ಪತ್ತೆರಡು ವರ್ಷವೂ ಒಂದೇ ಕೋಣೆಯಲ್ಲಿ ಕೆಲಸ ಮಾಡಿದವನು. ಶಿವಾಜಿನಗರದಿಂದ ಎರಡು ಬಸ್ಸು ಬದಲಾಯಿಸಿ ಬಂದಿದ್ದ. ತರಬೇತಿಯ ಪುಸ್ತಕ ಪೂರ್ತಿ ಇಂಗ್ಲಿಷು. ಹಯಗ್ರೀವ ಓದಿ ಹೇಳಿದರೆ ತಲೆಗೆ ಹತ್ತೀತೆಂದು ಆಸೆ. ಒಂದು ಗಂಟೆ ಓದಿಸಿಕೊಂಡು, ಕಾಫಿ ಕುಡಿಯುತ್ತಾ ಗೋಡೆಯ ಕಡೆ ನೋಡಿದ.

"ಇಲ್ಲೂ ನೇತಾಡ್ತಾ ಐತಾ ಇದು? ನೀವು ದಿನಾ ನೋಡಿ ಬರೀತೀರಾ ಭಾಭಿ?"

"ಮತ್ತೆ? ನೋಡ್ದೆ ಬರಿಯೋಕಾಗುತ್ತಾ?"

"ಅರೇ! ನಮ್ಮ ಮನೆಯೋಳು ಬಿಲ್ಕೀಸ್ ಎರಡು ವಾರದ್ದೂ ಒಂದೇ ಸಲ ಕೂತು ಬರ್ದುಬಿಟ್ಲು. ಸುಬಾ ಛಬ್ಬೀಸ್, ಶಾಮ್ ತೀಸ್. ದಿನಾ ಬೆಳಗ್ಗೆ ಇಪ್ಪತ್ತಾರು, ಸಂಜೆ ಮೂವತ್ತು. ಮನೆ ಗೋಡೆ ಬಿಸಿ ಬರ್ದಿಟ್ರೆ ಮಾತ್ರೆ ಚೆನ್ನಾಗಿ ಆಗುತ್ತಾ ಭಾಭಿ, ನೀವೇ ಹೇಳಿ."

ಹಯಗ್ರೀವ ನಕ್ಕ. ಆದರೆ ಆ ನಗು ಬೇಗ ಮುಗಿಯಿತು. ಇನಾಯತ್ ಹೇಳಿದ್ದು ಸರಿ ಎಂದೇ ರಮಾಮಣಿಗೂ ಅನ್ನಿಸಿತು. ದಿನವೂ ಅಷ್ಟೇ ಇರುವುದನ್ನು ದಿನವೂ ನೋಡುವುದೇಕೆ?

ಎರಡನೇ ವಾರ ಶಿಫ್ಟು ತಿರುಗಿತು, ಪಾಠ ಶಿಫ್ಟಿನ ನಡುವೆ ಸಂಜೆಗೆ ಬಂತು. ಮಧ್ಯಾಹ್ನ ಎರಡಕ್ಕೆ ಹೋದರೆ ಬರುವಷ್ಟರಲ್ಲಿ ಹನ್ನೊಂದು. ಬೆಳಗಿನದು ಹಯಗ್ರೀವನ ಪಾಲಿಗೆ, ಸಂಜೆಯದು ರಮಾಮಣಿಯ ಪಾಲಿಗೆ ಬಂತು. ಗುರುವಾರ ಹಲಸೂರಿನ ಛತ್ರವೊಂದರಲ್ಲಿ ಅವಳ ಚಿಕ್ಕಪ್ಪನ ಮಗಳ ಆರತಕ್ಷತೆ. ಅತ್ತೆಯನ್ನೂ ಮಗಳನ್ನೂ ಕರೆದುಕೊಂಡು ಐದಕ್ಕೇ ಮನೆಗೆ ಬೀಗ ಹಾಕಿ ಹೋದಳು. ಛತ್ರದಲ್ಲಿ ಓಲಗ ಜೋರಾಗಿತ್ತು, ಹೊರಗೆ ಮಳೆ ಅದಕ್ಕಿಂತ ಜೋರಾಗಿತ್ತು. ಊಟ ಮುಗಿಸಿ ಬಸ್ಸಿಳಿದಾಗ ಕೆ.ಆರ್. ಪುರದ ರಸ್ತೆ ಪೂರ್ತಿ ನೀರು. ಮನೆಯ ಮುಂದಿನ ತುಳಸಿ ಗಿಡದ ಎಲೆಗಳೆಲ್ಲ ಉದುರಿ ನೆಲದ ಮೇಲೆ ಬಿದ್ದಿದ್ದವು.

ಮರುದಿನ ಬೆಳಗ್ಗೆ ಗಂಡ ಏಳುವ ಮುಂಚೆ ಹಾಲ್ ಗುಡಿಸುವಾಗ ಹಾಳೆ ಕಣ್ಣಿಗೆ ಬಿತ್ತು. ನಿನ್ನೆ ಸಂಜೆಯ ಸಾಲು ಖಾಲಿ. ರಮಾಮಣಿ ಪೊರಕೆಯನ್ನು ಗೋಡೆಗೆ ಆನಿಸಿ ಹಾಳೆಯನ್ನು ಕೈಗೆತ್ತಿಕೊಂಡಳು. 'ನೋಡಿಲ್ಲ' ಎಂದು ಬರೆಯಬಹುದಿತ್ತು. ಆದರೆ ಗಂಡನ ಉಳಿವಿನ ಕಾಗದದಲ್ಲಿ, ತನ್ನ ಸಹಿಯ ಪಕ್ಕದಲ್ಲಿ, 'ನೋಡಿಲ್ಲ' ಎಂಬ ಮಾತೇ? ಆರತಕ್ಷತೆ ಊಟಕ್ಕೆ ಹೋಗಿ ಗಂಡನ ಕೆಲಸ ಮರೆತಳು ಎಂದು ಆ ಹುಡುಗ ಟ್ರೈನರ್ ಅಂದುಕೊಳ್ಳುವುದಿಲ್ಲವೇ? ಮೇಲಿನ ಸಂಜೆಗಳನ್ನೆಲ್ಲ ನೋಡಿದಳು. ಮೂವತ್ತು, ಮೂವತ್ತು, ಮೂವತ್ತು. ಪೆನ್ನು ತೆಗೆದು ತಾನೂ ಮೂವತ್ತು ಎಂದು ಬರೆದು 'ರ. ಹ.' ಎಂದು ಸಹಿ ಹಾಕಿ ಕಸ ಗುಡಿಸಲು ಹೋದಳು. ಮನಸ್ಸು ಹಗುರಾಯಿತು. ಏಳಕ್ಕೆ ಎದ್ದುಬಂದ ಹಯಗ್ರೀವ ಕನ್ನಡಕವಿಲ್ಲದೆಯೇ ತನ್ನ ಸಾಲನ್ನು ತುಂಬಿದ.

ಭಾನುವಾರ ಹಾಳೆಯ ಕೊನೆಯ ದಿನ. ರಮಾಮಣಿ ನೆಲದ ಮೇಲೆ ಕುಳಿತು ಹುರುಳಿಕಾಯಿ ಹೆಚ್ಚುತ್ತಿದ್ದಳು. ಹಯಗ್ರೀವ ಕನ್ನಡಕ ಹಾಕಿಕೊಂಡು ಒಂದೊಂದು ಸಾಲನ್ನೂ ಬೆರಳಿಟ್ಟು ನೋಡುತ್ತಾ ಬಂದ. ಬೆರಳು ಒಂದು ಕಡೆ ನಿಂತಿತು.

"ಗುರುವಾರ ಸಂಜೆ ಮೂವತ್ತಿತ್ತಾ?"

"ಹೂಂ."

"ನೀನೇ ನೋಡಿದ್ಯಾ?"

"ನನ್ನ ಸಹಿ ಇದ್ಯಲ್ಲ."

"ಗುರುವಾರ ಸಂಜೆ ಇಲ್ಲಿ ಆಲಿಕಲ್ಲು ಬಿತ್ತು ರಮಾ. ಕಾರ್ಖಾನೆ ಶೀಟು ತೂತು ಬಿತ್ತು. ಚಳಿಗೆ ನಾವು ಸ್ವೆಟರ್ ಹುಡುಕ್ತಿದ್ವಿ. ಕ್ಲಾಸ್ ರೂಮಲ್ಲೂ ಇಂಥದ್ದೇ ಒಂದು ನೇತುಹಾಕಿದಾರೆ. ಆವತ್ತು ಅದು ಇಪ್ಪತ್ಮೂರಕ್ಕೆ ಇಳೀತು. ಟ್ರೈನರು ನೋಡಿ ಬರ್ಕೊಂಡ, ನಾನು ಪಕ್ಕದಲ್ಲೇ ಇದ್ದೆ. ನಮ್ಮ ಮನೇಲಿ ಮಾತ್ರ ಮೂವತ್ತಾ?"

ರಮಾಮಣಿ ಚಾಕು ಕೆಳಗಿಟ್ಟಳು. ಮಳೆ ಬಂದದ್ದು ಅವಳಿಗೆ ಗೊತ್ತಿತ್ತು. ಮಳೆ ಬಂದರೆ ಗೋಡೆಯ ಮೇಲಿನ ಕೆಂಪು ಗೆರೆ ಇಳಿಯುತ್ತದೆ ಎಂಬುದು ಆ ಬೆಳಗ್ಗೆ ಹೊಳೆದಿರಲಿಲ್ಲ, ಅಷ್ಟೇ.

"ಮನೆಗೆ ಬೀಗ ಹಾಕಿತ್ತು," ಎಂದಳು.

"ಹಾಗಾದ್ರೆ 'ನೋಡಿಲ್ಲ' ಅಂತ ಬರಿಯೋಕೆ ಏನು ಧಾಡಿ?"

"ಖಾಲಿ ಬಿಟ್ರೆ ನಿಮಗೆ ಕೆಟ್ಟ ಹೆಸರು ಬರುತ್ತೆ ಅಂತ ಬರ್ದೆ. ನಿಮಗೋಸ್ಕರ ತಾನೆ ಬರ್ದಿದ್ದು?"

"ನನಗೋಸ್ಕರ! ನನ್ನ ಕುತ್ತಿಗೆ ಕುಯ್ಯೋಕೆ ಬರ್ದಿದೀಯ! ನೋಡ್ದೇ ಇರೋದನ್ನ ನೋಡ್ದೆ ಅಂತ ಬರ್ದು ಸಹಿ ಹಾಕೋಕೆ ನಿಂಗೆ ಕೈ ಹೇಗೆ ಬಂತು?"

"ಬಿಲ್ಕೀಸ್ ಎರಡು ವಾರದ್ದು ಬರ್ದಾಗ ನೀವು ನಗಲಿಲ್ವಾ? ನಾನು ಒಂದು ಸಂಜೆ ಬರ್ದಿದ್ದಕ್ಕೆ ಕುತ್ತಿಗೆ ಕುಯ್ದ ಹಾಗಾಯ್ತಾ?" ರಮಾಮಣಿ ಹುರುಳಿಕಾಯಿಯ ತಟ್ಟೆಯನ್ನು ತಳ್ಳಿ ಎದ್ದೇಬಿಟ್ಟಳು. ಅವಳಿಗೆ ಅಳು ಬಂದಿತ್ತು, ಸಿಟ್ಟೂ ಬಂದಿತ್ತು. "ಇಪ್ಪತ್ತೆರಡು ವರ್ಷ ನೀವು ಅಲ್ಲಿ ಬರೀ ನೋಡಿದ್ದನ್ನೇ ಬರೆದ್ರಾ? ಹೇಳಿ ನೋಡೋಣ."

ಕೇಳಬೇಕೆಂದು ಕೇಳಿದ ಮಾತಲ್ಲ ಅದು. ಜಗಳದಲ್ಲಿ ಕೈಗೆ ಸಿಕ್ಕಿದ್ದನ್ನು ಎಸೆದಂತೆ ಎಸೆದಿದ್ದಳು. ಹಯಗ್ರೀವ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡ. ಮಗಳ ಕೋಣೆಯ ಬಾಗಿಲ ಕಡೆ ನೋಡಿದ. ಚಿನ್ಮಯಿ ಗೆಳತಿಯ ಮನೆಗೆ ಓದಲು ಹೋಗಿದ್ದಳು.

"ಮಾತ್ರೆ ಒತ್ತೋ ಕೋಣೇಲಿ ಎರಡು ಗಂಟೆಗೊಂದು ಸಲ ಇದೇ ಥರ ನೋಡಿ ಬರೀಬೇಕು ಕಣೆ," ಎಂದ ಕೊನೆಗೆ. ದನಿ ಪೂರ್ತಿ ಇಳಿದಿತ್ತು. "ಮೆಷೀನು ಬಿಟ್ಟು ಬರೋಕೆ ಬಿಡುವು ಎಲ್ಲಿರುತ್ತೆ? ಶಿಫ್ಟ್ ಮುಗಿಯೋ ಹೊತ್ತಿಗೆ ಇನಾಯತ್ ಹೇಳ್ತಿದ್ದ, ನಾನು ಬರೀತಿದ್ದೆ. ನಾಲ್ಕು ಸಾಲೂ ಒಂದೇ ಸಲ. ಆಮೇಲೆ ಬರ್ದಿದ್ದಕ್ಕೇ ಚಿತ್ತಿಲ್ಲದೆ ಬಂತು."

"ಹಾಗಾದ್ರೆ ನಾನು ನುಂಗ್ತಿರೋ ಬಿ.ಪಿ. ಮಾತ್ರೆ?" ದಿವಾನದಿಂದ ಸುಭದ್ರಮ್ಮ ಕೇಳಿದರು. ಅವರು ನಿದ್ದೆ ಮಾಡುತ್ತಿದ್ದಾರೆಂದು ಇಬ್ಬರೂ ತಿಳಿದಿದ್ದರು.

"ಅಮ್ಮ, ಮಾತ್ರೆಗೇನೂ ಆಗಲ್ಲ. ಆಮೇಲೆ ಲ್ಯಾಬಲ್ಲಿ ಬೇರೆ ಟೆಸ್ಟ್ ಮಾಡ್ತಾರೆ."

"ಅವರು ನೋಡಿ ಬರೀತಾರಾ?"

ಹಯಗ್ರೀವ ಹಾಳೆಯನ್ನು ಮತ್ತೆ ಮೇಜಿನ ಮೇಲೆ ನೆಟ್ಟಗೆ ಇಟ್ಟ. ಸುಭದ್ರಮ್ಮ ನಿಟ್ಟುಸಿರು ಬಿಟ್ಟು, "ಎಂಟು ವರ್ಷದಿಂದ ನುಂಗ್ತಿದೀನಿ, ಇನ್ನೂ ಗಟ್ಟಿಯಾಗೇ ಇದೀನಿ. ಹುಳಿ ಮಾಡಮ್ಮ ರಮಾ, ಹಸಿವು," ಎಂದು ಮಗ್ಗುಲು ಬದಲಾಯಿಸಿದರು.

ಹುಳಿ ಒಲೆಯ ಮೇಲಿದ್ದಾಗ ಹಯಗ್ರೀವ ಹಾಳೆಯನ್ನೂ ಪೆನ್ನನ್ನೂ ಅಡುಗೆಮನೆಗೆ ತಂದ. "ನೀನೇ ಮಾಡ್ಬೇಕು. ಬರ್ದೋರೇ ಹೊಡೆದುಹಾಕ್ಬೇಕು," ಎಂದ. ರಮಾಮಣಿ ಕಟ್ಟೆಯ ಮೇಲೆ ಹಾಳೆ ಇಟ್ಟುಕೊಂಡು ಮೂವತ್ತರ ಮೇಲೆ ಒಂದು ಗೆರೆ ಎಳೆದಳು. ಕೆಳಗಿನ ಮೂವತ್ತು ಚೆನ್ನಾಗಿಯೇ ಕಾಣುತ್ತಿತ್ತು. ಪಕ್ಕದಲ್ಲಿ ಗಂಡ ಹೇಳಿದಂತೆ ಬರೆದಳು: 'ಮನೆಗೆ ಬೀಗ ಹಾಕಿತ್ತು. ನೋಡಿಲ್ಲ. ನೋಡದೆ ಬರೆದದ್ದು ನನ್ನ ತಪ್ಪು.' ಸಹಿ, ಅವತ್ತಿನ ತಾರೀಖು. ಮದುವೆಯಾದ ಇಷ್ಟು ವರ್ಷಗಳಲ್ಲಿ ಎಷ್ಟೋ ತಪ್ಪು ಮಾಡಿದ್ದಳು, ಬೈಸಿಕೊಂಡಿದ್ದಳು, ಆದರೆ ಯಾವುದನ್ನೂ ಹೀಗೆ ಬರೆದುಕೊಟ್ಟಿರಲಿಲ್ಲ.

"ಇದರಿಂದ ಫೇಲಾದ್ರೆ?" ಎಂದಳು.

"ಗೊತ್ತಿಲ್ಲ," ಎಂದ ಹಯಗ್ರೀವ. "ಯಾವುದಕ್ಕೆ ಪಾಸು, ಯಾವುದಕ್ಕೆ ಫೇಲು, ನಂಗೊಂದೂ ತಿಳೀತಿಲ್ಲ."

ಅಂದೇ ಸಂಜೆ ಎದುರುಮನೆಯ ಫೋನಿನಿಂದ ಇನಾಯತ್‌ಗೆ ಆಲಿಕಲ್ಲಿನ ವಿಷಯ ಹೇಳಿದ. ಇನಾಯತ್ ನಕ್ಕುಬಿಟ್ಟನಂತೆ. ಎರಡು ವಾರದ ಅಷ್ಟೂ ಸಾಲಿನ ಮೇಲೆ ಗೆರೆ ಎಳೆದರೆ ಹಾಳೆಯಲ್ಲಿ ಏನು ಉಳಿಯುತ್ತೆ, ಆಗಿದ್ದಾಗಲಿ, ಹಾಗೇ ಕೊಡ್ತೀನಿ ಅಂದನಂತೆ.

ಸೋಮವಾರ ಹಾಳೆಗಳು ಹೋದವು. ಮುಂದಿನ ಐದು ದಿನ ಮನೆಯಲ್ಲಿ ಯಾರೂ ಯಾರ ಜೊತೆಗೂ ನೆಟ್ಟಗೆ ಮಾತಾಡಲಿಲ್ಲ. ಗೋಡೆಯ ಥರ್ಮಾಮೀಟರನ್ನು ಯಾರೂ ನೋಡಲಿಲ್ಲ, ತೆಗೆದಿಡಲೂ ಇಲ್ಲ. ಶನಿವಾರ ಪರೀಕ್ಷೆ ಮತ್ತು ಸಂದರ್ಶನ. ರಮಾಮಣಿ ಎರಡು ಗಂಟೆಯಿಂದ ಬಾಗಿಲಿಗೂ ಒಲೆಗೂ ಓಡಾಡಿದಳು. ಐದರ ಹೊತ್ತಿಗೆ ಗೇಟು ಕಿರ್ ಎಂದಿತು.

"ಪಾಸು," ಎಂದ ಹಯಗ್ರೀವ, ಚಪ್ಪಲಿ ಬಿಡುತ್ತಾ.

ಚಿನ್ಮಯಿ ಚಪ್ಪಾಳೆ ತಟ್ಟಿದಳು. ಸುಭದ್ರಮ್ಮ ಎರಡೂ ಕೈ ಎತ್ತಿ ದೇವರ ಮನೆಯ ಕಡೆ ಮುಗಿದರು. ರಮಾಮಣಿ ಅಲ್ಲೇ ಕುರ್ಚಿಯಲ್ಲಿ ಕುಳಿತಳು. ಗೇಟು ಹಿಡಿದು ನಿಂತ ಗಂಡಸರ ಸಾಲಿನಿಂದ ತನ್ನ ಗಂಡ ಹೊರಗೆ ಬಂದ. ಅಷ್ಟು ಸಾಕಾಗಿತ್ತು. ಊಟವನ್ನೇ ಮಾಡಿಲ್ಲವೆಂದು ಗೊತ್ತಾಗಿ, ಮಿಕ್ಕಿದ್ದ ಅನ್ನ ಬಿಸಿ ಮಾಡಿ ತಿಳಿಸಾರು ಬಡಿಸಿದಳು. ಮಗಳು ಅಜ್ಜಿಯ ಕೈ ಹಿಡಿದು ದೇವಸ್ಥಾನಕ್ಕೆ ಕರೆದುಕೊಂಡು ಹೋದಳು. ಹಯಗ್ರೀವ ಅನ್ನ ಕಲಸುತ್ತಲೇ ಇದ್ದ, ಬಾಯಿಗಿಡಲಿಲ್ಲ.

"ಪಾಸಾಗಿ ಬಂದೋರ ಮುಖಾನಾ ಇದು?"

"ನಮ್ಮ ಹಾಳೇನ ಪ್ರೊಜೆಕ್ಟರಿಗೆ ಹಾಕಿ ಗೋಡೆ ಮೇಲೆ ದೊಡ್ಡದಾಗಿ ತೋರಿಸಿದ್ರು. ನಿನ್ನ ಗೆರೆ, ನಿನ್ನ ಸಹಿ, 'ನನ್ನ ತಪ್ಪು' ಅಂತ ನೀನು ಬರ್ದಿದ್ದು, ಎಲ್ಲಾ. 'ಮೂವತ್ತು ಜನರಲ್ಲಿ ತಪ್ಪು ಒಪ್ಕೊಂಡಿರೋದು ಇದೊಂದೇ ಹಾಳೆ' ಅಂದ ಆ ಹುಡುಗ. ಚಪ್ಪಾಳೆ ಹೊಡೆಸಿದ."

ಕಾಣದ ಮೂವತ್ತು ಗಂಡಸರ ಮುಂದೆ ತನ್ನ ತಪ್ಪು ಗೋಡೆಯಷ್ಟು ದೊಡ್ಡದಾಗಿ ನಿಂತದ್ದನ್ನು ನೆನೆದು ರಮಾಮಣಿಗೆ ಮೈ ಮುದುಡಿತು. ಹೆಮ್ಮೆಪಡಬೇಕೋ ನಾಚಿಕೆಪಡಬೇಕೋ ತಿಳಿಯಲಿಲ್ಲ.

"ಇನಾಯತ್ ಅವರದ್ದು?"

"ಆಲಿಕಲ್ಲು ಬಿದ್ದ ದಿನ ಮೂವತ್ತು ಅಂತ ಬರ್ದೋರು ಒಂಬತ್ತು ಜನ. ಎಲ್ಲರಿಗೂ ವಿ.ಆರ್.ಎಸ್. ಕಾಗದ. ಅವನಿಗೂ."

"ಅಯ್ಯೋ."

"ಆಮೇಲೆ ಆ ಟ್ರೈನರು ಎಲ್ಲರ ಮುಂದೆ ನನ್ನ ಕೇಳಿದ. 'ಸರ್, ಕಾರ್ಖಾನೆಯ ರಿಜಿಸ್ಟರಲ್ಲಿ ನೀವು ಯಾವತ್ತಾದ್ರೂ ನೋಡ್ದೇ ಬರ್ದಿದೀರಾ?' ಅಂತ."

ರಮಾಮಣಿ ಸಾರಿನ ಸೌಟನ್ನು ಪಾತ್ರೆಯೊಳಗೆ ಬಿಟ್ಟಳು. "ಏನಂದ್ರಿ?"

"ಇಲ್ಲ ಅಂದೆ." ಹಯಗ್ರೀವ ತಟ್ಟೆಯಿಂದ ತಲೆ ಎತ್ತಲಿಲ್ಲ. "ಒಂದು ದಿನಾನೂ ಇಲ್ಲ ಅಂದೆ. ಇನಾಯತ್ ಮುಂದಿನ ಸಾಲಲ್ಲೇ ಕೂತಿದ್ದ, ಕಾಗದ ಕೈಯಲ್ಲಿ ಹಿಡ್ಕೊಂಡು. ತಿರುಗಿ ನನ್ನ ಮುಖ ನೋಡ್ದ. ಬಾಯಿ ಬಿಡಲಿಲ್ಲ. ಒಂದು ಮಾತು ಆಡಿದ್ರೆ ಸಾಕಿತ್ತು, ಆಡಲಿಲ್ಲ."

ಅಡುಗೆಮನೆಯಲ್ಲಿ ನಲ್ಲಿ ತೊಟ್ಟಿಕ್ಕುತ್ತಿತ್ತು. ರಮಾಮಣಿ ಹೋಗಿ ಅದನ್ನು ಬಿಗಿ ಮಾಡಿ ಬಂದಳು. ಗಂಡನ ಕೆಲಸ ಉಳಿದದ್ದಕ್ಕೆ ಅವಳಿಗೆ ಸಂತೋಷವಾಗಿತ್ತು, ನಿಜವಾಗಿಯೂ ಆಗಿತ್ತು. ಬಿಲ್ಕೀಸ್ ಇನ್ನು ಮನೆ ಹೇಗೆ ನಡೆಸುತ್ತಾಳೋ ಎಂಬ ಸಂಕಟವೂ ಇತ್ತು, ಅದೂ ನಿಜವೇ. ಎರಡನ್ನೂ ಯಾವ ಮೂಲೆಯಲ್ಲಿಡಬೇಕೆಂದು ಗೊತ್ತಾಗದೆ ಗಂಡನ ಎದುರಿಗೆ ಕುಳಿತಳು.

"ಅಲ್ಲಾರೀ," ಎಂದಳು, "ಒಂದು ಸಂಜೆ ಸುಳ್ಳು ಬರೆದೋಳು ನಾನು, ನನ್ನ ಹಾಳೆಗೆ ಚಪ್ಪಾಳೆ. ಇಪ್ಪತ್ತೆರಡು ವರ್ಷದ್ದು ಮುಚ್ಚಿಟ್ಟೋರು ನೀವು, ನೀವು ಪಾಸು. ಬಾಯಿ ಮುಚ್ಕೊಂಡು ನಿಮ್ಮನ್ನ ಉಳಿಸ್ದೋರಿಗೆ ಕೆಲಸ ಇಲ್ಲ. ಇದೆಂಥಾ ಪಾಠಾರೀ ಇದು?"

ಹಯಗ್ರೀವ ಕಲಸಿದ ಅನ್ನವನ್ನು ತಟ್ಟೆಯ ಅಂಚಿಗೆ ಸರಿಸಿದ.

"ಗೊತ್ತಿಲ್ಲ ಕಣೆ," ಎಂದ. "ಸೋಮವಾರದಿಂದ ಉಳಿದೋರಿಗೆಲ್ಲ ನೋಡಿ ಬರಿಯೋದನ್ನ ನಾನೇ ಹೇಳಿಕೊಡಬೇಕಂತೆ."